ಮೊದಲು ಮನೆ, ಆಮೇಲೆ ಆಮೆ

ಗಲ್ಫ್ ನಗರಗಳ ಸಾಕುಪ್ರಾಣಿ ಅಂಗಡಿಗಳಲ್ಲಿ ಬೆಕ್ಕು, ಗಿಳಿ, ಬಣ್ಣದ ಮೀನುಗಳ ನಡುವೆ ಒಂದು ಗಾಜಿನ ತೊಟ್ಟಿಯಲ್ಲಿ ಆಮೆಮರಿಗಳೂ ಕಾಣಸಿಗುತ್ತವೆ. ಅಂಗೈಯ ಅರ್ಧದಷ್ಟು ಗಾತ್ರ, ಹಳದಿ-ಕಂದು ಬಣ್ಣದ ಚಿಪ್ಪು, ಪುಟ್ಟ ಕಣ್ಣು. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತುಬಿಡುತ್ತಾರೆ. "ಇದಕ್ಕೆ ಖರ್ಚಿಲ್ಲ, ಸದ್ದಿಲ್ಲ, ಕೂದಲು ಉದುರುವುದಿಲ್ಲ, ಎರಡು ಎಲೆ ಸೊಪ್ಪು ಹಾಕಿದರೆ ಸಾಕು" ಎಂಬ ಮಾತು ಜೊತೆಗೇ ಕೇಳಿಬರುತ್ತದೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ವಾಸಿಸುವ ನಮ್ಮ ಕರಾವಳಿಯ ಕುಟುಂಬಗಳಿಗೆ ಈ ಮಾತು ಹಿತವಾಗಿ ಕೇಳುವುದು ಸಹಜ. ಹಬ್ಬಕ್ಕೆ ಸಿಕ್ಕ ಹಣ ಮಗುವಿನ ಕೈಯಲ್ಲಿರುತ್ತದೆ. ಸಂಜೆಯಾಗುವುದರೊಳಗೆ ಆಮೆಮರಿ ಮನೆಗೆ ಬರುತ್ತದೆ, ರಟ್ಟಿನ ಪೆಟ್ಟಿಗೆಯಲ್ಲೋ ಹಳೆಯ ಮೀನಿನ ತೊಟ್ಟಿಯಲ್ಲೋ ಉಳಿಯುತ್ತದೆ.

ಆಮೆ ಸುಲಭದ ಪ್ರಾಣಿ ಎಂಬುದು ಮಾರುವವರಿಗೆ ಅನುಕೂಲವಾದ ಸುಳ್ಳು. ಮನೆಯೊಳಗೆ ಸಾಕುವ ಪ್ರಾಣಿಗಳಲ್ಲಿ ಇದಕ್ಕೆ ಬೇಕಾಗುವಷ್ಟು ಸಿದ್ಧತೆ ಬೆಕ್ಕಿಗೂ ಬೇಡ. ಆಮೆಮರಿಗೆ ಬೇಕಾದ ಬಿಸಿ, ಬೆಳಕು, ತೇವ, ಜಾಗ ಇವಿಷ್ಟನ್ನೂ ಮೊದಲು ಹೊಂದಿಸಲು ಸಾಧ್ಯವಿದ್ದವರು ಮಾತ್ರ ಅದನ್ನು ತರಬೇಕು. ಸಾಧ್ಯವಿಲ್ಲದವರು ತರಬಾರದು. ಇದು ಪ್ರಾಣಿದಯೆಯ ಮಾತು ಮಾತ್ರವಲ್ಲ, ಅದೇ ಮನೆಯಲ್ಲಿ ತೆವಳಾಡುವ ಮಗುವಿನ ಆರೋಗ್ಯದ ಮಾತೂ ಹೌದು.

ಯಾವ ಆಮೆ?

ಕನ್ನಡದಲ್ಲಿ ನೀರಲ್ಲಿರುವುದಕ್ಕೂ ನೆಲದ ಮೇಲಿರುವುದಕ್ಕೂ ಆಮೆ ಎಂದೇ ಹೇಳುತ್ತೇವೆ. ಆದರೆ ಎರಡರ ಸಾಕಣೆ ಬೇರೆ ಬೇರೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ, ನೀರಿನ ತೊಟ್ಟಿಯಲ್ಲಿ ಈಜುವ ಹಸಿರು ಮರಿಗಳು ಅಮೆರಿಕ ಮೂಲದ ನೀರಾಮೆಗಳು. ಇಲ್ಲಿ ಹೇಳುತ್ತಿರುವುದು ಅವುಗಳ ಬಗ್ಗೆ ಅಲ್ಲ, ನೆಲದಾಮೆಯ ಬಗ್ಗೆ. ಅದರಲ್ಲೂ ಗಲ್ಫ್‌ನಲ್ಲಿ ಸಾಮಾನ್ಯವಾಗಿ ಸಾಕುವ ಸಲ್ಕಾಟಾ ಎಂಬ ಆಫ್ರಿಕಾದ ಆಮೆಯ ಬಗ್ಗೆ. ಸೆನೆಗಲ್‌ನಿಂದ ಸುಡಾನ್, ಇಥಿಯೋಪಿಯಾದವರೆಗೆ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣ ಹುಲ್ಲುಗಾವಲು ಇದರ ತವರು.

ಗಲಾಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ಜಗತ್ತಿನ ಅತಿ ದೊಡ್ಡ ನೆಲದಾಮೆ ಇದೇ. ಮೊಟ್ಟೆಯಿಂದ ಹೊರಬಂದಾಗ ಸುಮಾರು 5 ಸೆಂಟಿಮೀಟರ್ ಉದ್ದ ಇರುವ ಮರಿ ಬೆಳೆದು 40-50 ಕಿಲೋ ತೂಗಬಹುದು, ಗಂಡು ಇನ್ನೂ ಹೆಚ್ಚು. ಆಯುಷ್ಯ 50 ವರ್ಷಕ್ಕೂ ಮೇಲೆ. ಅಂದರೆ ಹತ್ತು ವರ್ಷದ ಮಗುವಿಗೆ ಕೊಡಿಸಿದ ಆಮೆ, ಆ ಮಗು ಅಜ್ಜನಾದ ಮೇಲೂ ಬದುಕಿರಬಹುದು. ಇಷ್ಟು ದೀರ್ಘಕಾಲದ ಹೊಣೆಯನ್ನು ಹಬ್ಬದ ಸಂಜೆಯ ಉತ್ಸಾಹದಲ್ಲಿ ತೀರ್ಮಾನಿಸುವುದು ಸರಿಯೇ?

ಸುಮ್ಮನಿದೆ ಎಂದರೆ ಸುಖವಾಗಿದೆ ಎಂದಲ್ಲ

ಹಸಿದ ಬೆಕ್ಕು ಕೂಗುತ್ತದೆ, ಕಾಯಿಲೆ ಬಿದ್ದ ಗಿಳಿಯ ಗರಿ ಕೆದರುತ್ತದೆ. ಆಮೆ ಏನನ್ನೂ ಹೇಳುವುದಿಲ್ಲ. ಅದು ತನ್ನ ಮೈಬಿಸಿಯನ್ನು ತಾನೇ ಉತ್ಪಾದಿಸಲಾರದ ಪ್ರಾಣಿ, ಸುತ್ತಲಿನ ಬಿಸಿಯನ್ನೇ ನೆಚ್ಚಿಕೊಂಡಿದೆ. ಸುತ್ತಲೂ ತಣ್ಣಗಾದರೆ ಅದರ ಜೀರ್ಣಶಕ್ತಿ, ರೋಗನಿರೋಧಕ ಶಕ್ತಿ ಎಲ್ಲವೂ ನಿಧಾನವಾಗುತ್ತವೆ. ಹೊಟ್ಟೆಯಲ್ಲಿರುವ ಆಹಾರ ಕರಗದೆ ಉಳಿಯುತ್ತದೆ. ಏರ್ ಕಂಡೀಷನರ್ 21 ಡಿಗ್ರಿಯಲ್ಲಿ ಓಡುತ್ತಿರುವ ಕೋಣೆಯ ಮೂಲೆಯಲ್ಲಿ ತಲೆ ಒಳಗೆಳೆದುಕೊಂಡು ಕುಳಿತ ಮರಿಯನ್ನು ನೋಡಿ ಮನೆಯವರು "ಎಷ್ಟು ಸಾಧು, ಯಾವಾಗಲೂ ನಿದ್ದೆ" ಎನ್ನುತ್ತಾರೆ. ಅದು ನಿದ್ದೆಯಲ್ಲ, ಚಳಿ. ತಂಪು ದೇಶಗಳ ಕೆಲವು ಆಮೆಗಳಂತೆ ಸಲ್ಕಾಟಾ ಚಳಿಗಾಲದ ದೀರ್ಘ ನಿದ್ದೆ ಮಾಡುವ ಜಾತಿಯೂ ಅಲ್ಲ.

ಆಮೆ ಸಾಯುವುದೂ ನಿಧಾನ. ತಪ್ಪು ಪೆಟ್ಟಿಗೆಯಲ್ಲಿ, ತಪ್ಪು ಆಹಾರದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. "ಆರು ತಿಂಗಳಾಯಿತು, ಏನೂ ಆಗಿಲ್ಲ" ಎಂದು ಮನೆಯವರು ಧೈರ್ಯ ತಂದುಕೊಳ್ಳುವ ಹೊತ್ತಿಗೆ ಒಳಗಿನ ಮೂಳೆ ಮೆದುವಾಗಿರಬಹುದು. ಆದ್ದರಿಂದಲೇ ಆಮೆಯ ವಿಷಯದಲ್ಲಿ ನಮ್ಮ ಕಣ್ಣಂದಾಜನ್ನು ನಂಬಲಾಗದು, ಅಳತೆಯನ್ನು ನಂಬಬೇಕು. ಒಂದು ಥರ್ಮಾಮೀಟರ್, ಒಂದು ತೇವಾಂಶ ಮಾಪಕ, ಒಂದು ಅಡುಗೆಮನೆಯ ಮಾದರಿಯ ಸಣ್ಣ ತೂಕದ ಯಂತ್ರ (ಅಡುಗೆಗೆ ಬಳಸುವುದಲ್ಲ, ಆಮೆಗೆಂದೇ ಬೇರೆ) ಇವು ಮೂರೂ ಇಲ್ಲದ ಮನೆಯಲ್ಲಿ ಆಮೆಮರಿ ಇರಬಾರದು.

ಮರುಭೂಮಿಯ ಪ್ರಾಣಿ ಎಂಬ ತಪ್ಪು ತಿಳಿವಳಿಕೆ

ಅತಿ ಹೆಚ್ಚು ಆಮೆಮರಿಗಳನ್ನು ಕೆಡಿಸಿದ ತಪ್ಪು ಯಾವುದೆಂದರೆ ಇದು: "ಒಣ ನಾಡಿನ ಪ್ರಾಣಿ ತಾನೇ, ಒಣಗಿಸಿಯೇ ಇಡಬೇಕು." ಕೇಳಲು ಸರಿ ಎನಿಸುತ್ತದೆ. ಆದರೆ ಒಣ ನಾಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಮರಿ ಒಣಗಿಕೊಂಡು ಬದುಕುವುದಿಲ್ಲ. ದೊಡ್ಡ ಸಲ್ಕಾಟಾಗಳು ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮಣ್ಣಿನಲ್ಲಿ ಆಳವಾದ ಬಿಲ ತೋಡುತ್ತವೆ. ಬಿಲದೊಳಗಿನ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ. ಮರಿಗಳೂ ಪೊದೆಯ ಬುಡ, ಬಿಲ, ಒದ್ದೆ ಮಣ್ಣಿನ ಮರೆಯಲ್ಲೇ ಹೆಚ್ಚು ಹೊತ್ತು ಕಳೆಯುತ್ತವೆ.

ಒಣ ಗಾಳಿಯಲ್ಲಿ ಬೆಳೆದ ಮರಿಯ ಚಿಪ್ಪು ನಯವಾಗಿ ಬಾಗುವ ಬದಲು, ಅದರ ಒಂದೊಂದು ಬಿಲ್ಲೆಯೂ ಗೋಪುರದಂತೆ ಮೇಲೇಳುತ್ತದೆ. ಹಿಂದೆ ಇದಕ್ಕೆ ಆಹಾರದ ಪ್ರೊಟೀನ್ ಹೆಚ್ಚಾದದ್ದೇ ಕಾರಣ ಎನ್ನುತ್ತಿದ್ದರು. ವಿಯೆನ್ನಾದ ಸಂಶೋಧಕರು ಸಲ್ಕಾಟಾ ಮರಿಗಳನ್ನೇ ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರೊಟೀನ್ ಪ್ರಮಾಣದಲ್ಲಿ ಬೆಳೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯದೇ ಕಂಡಿತು: ಪ್ರೊಟೀನಿನ ಪಾತ್ರ ಸಣ್ಣದು, ಒಣ ಗಾಳಿಯ ಪಾತ್ರ ದೊಡ್ಡದು. ಒಮ್ಮೆ ಎದ್ದ ಗೋಪುರ ಮತ್ತೆ ಕೂರುವುದಿಲ್ಲ. ಏರ್ ಕಂಡೀಷನರ್ ತಂಪು ಮಾಡುವುದರ ಜೊತೆಗೆ ಗಾಳಿಯ ತೇವವನ್ನೂ ಹೀರುತ್ತದೆ. ಹಾಗಾಗಿ ಗಲ್ಫ್‌ನ ಫ್ಲ್ಯಾಟಿನಲ್ಲಿ ತೆರೆದ ಪೆಟ್ಟಿಗೆಯಲ್ಲಿಟ್ಟ ಮರಿಗೆ ಚಳಿ, ಶುಷ್ಕತೆ ಎರಡೂ ಒಟ್ಟಿಗೆ ಬಡಿಯುತ್ತವೆ.

ಮನೆ ಹೇಗಿರಬೇಕು?

ಜಾಗ: ಮರಿಗೂ ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲದ ನೆಲ ಬೇಕು. ಒಂದು ಕೊನೆ ಬಿಸಿ, ಇನ್ನೊಂದು ಕೊನೆ ಅದಕ್ಕಿಂತ ತಂಪು ಇರಲು ಇಷ್ಟಾದರೂ ಉದ್ದ ಬೇಕೇ ಬೇಕು. ಆಮೆ ತನಗೆ ಬೇಕಾದ ಬಿಸಿಯನ್ನು ನಡೆದು ಹೋಗಿ ಆರಿಸಿಕೊಳ್ಳುತ್ತದೆ. ಸಣ್ಣ ಪೆಟ್ಟಿಗೆಯಲ್ಲಿ ಆರಿಸಲು ಏನೂ ಇರುವುದಿಲ್ಲ. ಮೇಲ್ಭಾಗದ ಬಹುಪಾಲು ಮುಚ್ಚಿದ್ದರೆ ಬಿಸಿ ಮತ್ತು ತೇವ ಒಳಗೇ ನಿಲ್ಲುತ್ತವೆ. ಗಾಜಿನ ತೊಟ್ಟಿಯೇ ಆದರೆ ಸುತ್ತಲೂ ಹೊರಗಿನಿಂದ ಕೆಳಗಿನ ಭಾಗಕ್ಕೆ ಕಾಗದ ಅಂಟಿಸಿ. ಪಾರದರ್ಶಕ ಗೋಡೆ ಆಮೆಗೆ ಅರ್ಥವಾಗುವುದಿಲ್ಲ, ದಿನವಿಡೀ ಅದನ್ನು ತಳ್ಳುತ್ತಾ ಸುಸ್ತಾಗುತ್ತದೆ.

ಹಾಸು: ತೆಂಗಿನ ನಾರಿನ ಪುಡಿ, ಅಂದರೆ ನರ್ಸರಿಗಳಲ್ಲಿ ಸಿಗುವ ಕೊಕೊಪೀಟ್, ಗೊಬ್ಬರ ಬೆರೆಸದ್ದು. ಮೂರು ಬೆರಳಿನಷ್ಟಾದರೂ ದಪ್ಪವಾಗಿ ಹರಡಿ, ಅಡಿಭಾಗ ಒದ್ದೆಯಾಗಿ, ಮೇಲ್ಭಾಗ ಕೈಗೆ ಅಂಟದಷ್ಟು ಒಣಗಿರುವಂತೆ ನೀರು ಸುರಿಯಿರಿ. ಮರಳು ಬೇಡ. ಆಹಾರದ ಜೊತೆ ಹೊಟ್ಟೆಗೆ ಹೋಗಿ ಕರುಳು ಕಟ್ಟುತ್ತದೆ. ಬರೀ ನ್ಯೂಸ್‌ಪೇಪರ್ ಹಾಸಿದರೆ ತೇವ ನಿಲ್ಲುವುದಿಲ್ಲ, ಕಾಲು ಜಾರುತ್ತದೆ. ದೇವದಾರು, ಪೈನ್ ಮರದ ಹೊಟ್ಟಿನ ಘಾಟು ಅದರ ಉಸಿರಾಟಕ್ಕೆ ಒಳ್ಳೆಯದಲ್ಲ. ತಂಪು ಬದಿಯಲ್ಲಿ ಅಡಗಿ ಕೂರಲು ಒಂದು ಮರೆ ಇರಲಿ. ಕವುಚಿ ಹಾಕಿ ಒಂದು ಬದಿ ಒಡೆದ ಮಣ್ಣಿನ ಮಡಕೆಯೂ ನಡೆಯುತ್ತದೆ, ಅಂಚು ಮಾತ್ರ ಚೂಪಾಗಿರಬಾರದು. ತೇವಾಂಶ ಮಾಪಕ ಶೇ. 80ರ ಆಸುಪಾಸಿನಲ್ಲಿರಬೇಕು.

ಬಿಸಿ: ದೀಪದ ಕೆಳಗೆ ಆಮೆ ಬಿಸಿಲು ಕಾಯುವ ಜಾಗದಲ್ಲಿ 35ರಿಂದ 38 ಡಿಗ್ರಿ ಸೆಲ್ಸಿಯಸ್, ಉಳಿದೆಡೆ ಹಗಲು 27ರಿಂದ 30. ರಾತ್ರಿಯೂ 26ಕ್ಕಿಂತ ಕೆಳಗಿಳಿಯದಿರಲಿ. ತೇವ ಹೆಚ್ಚಿದ್ದು ಬಿಸಿ ಕಡಿಮೆಯಾದರೆ ಉಸಿರಾಟದ ಸೋಂಕು ಬರುತ್ತದೆ, ಆದ್ದರಿಂದ ತೇವ ಹೆಚ್ಚಿಸುವವರು ಬಿಸಿಯನ್ನೂ ಕಾಯಲೇಬೇಕು. ರಾತ್ರಿಗೆ ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರನ್ನು ಥರ್ಮೋಸ್ಟ್ಯಾಟಿಗೆ ಜೋಡಿಸಿ. ಬೆಂಕಿಯ ಅಪಾಯವನ್ನು ಮರೆಯಬೇಡಿ. ದೀಪವನ್ನು ಬರೀ ಕ್ಲಿಪ್ಪಿನಲ್ಲಿ ಸಿಕ್ಕಿಸದೆ ಸರಪಳಿಯಿಂದ ತೂಗುಹಾಕಿ, ಪರದೆ ಬಟ್ಟೆಗಳಿಂದ ದೂರವಿಡಿ.

ಬೆಳಕು: ಇದು ಹಣ ಉಳಿಸಬಾರದ ಜಾಗ. ಆಮೆಯ ಮೈ ವಿಟಮಿನ್ ಡಿ ತಯಾರಿಸಲು ಯುವಿಬಿ ಎಂಬ ಅತಿನೇರಳೆ ಕಿರಣ ಬೇಕು. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೂಳೆಗೆ, ಚಿಪ್ಪಿಗೆ ಸೇರುವುದಿಲ್ಲ. ಕಿಟಕಿಯ ಪಕ್ಕದಲ್ಲಿ ಇಟ್ಟಿದ್ದೇವೆ, ಬಿಸಿಲು ಬೀಳುತ್ತದೆ ಎಂದು ಹಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಯುವಿಬಿಯನ್ನು ತಡೆಯುತ್ತದೆ. ಮೇಲಾಗಿ ಗಾಜಿನ ತೊಟ್ಟಿಗೆ ನೇರ ಬಿಸಿಲು ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಒಳಗೆ ಕುದಿಯುವಂತಾಗಿ ಮರಿ ಸಾಯಬಹುದು. ಸರೀಸೃಪಗಳಿಗೆಂದೇ ತಯಾರಾದ ಕೊಳವೆ ಆಕಾರದ ಯುವಿಬಿ ದೀಪವನ್ನು, ತಯಾರಕರು ಹೇಳಿದ ಎತ್ತರದಲ್ಲಿ, ನಡುವೆ ಗಾಜು ಅಥವಾ ಪ್ಲಾಸ್ಟಿಕ್ ಇಲ್ಲದಂತೆ ಹಾಕಿ ದಿನಕ್ಕೆ 12 ಗಂಟೆ ಉರಿಸಬೇಕು. ದೀಪ ಉರಿಯುತ್ತಲೇ ಇದ್ದರೂ ಅದರ ಯುವಿಬಿ ಶಕ್ತಿ ಕುಗ್ಗುತ್ತಾ ಬರುತ್ತದೆ. ಹಾಗಾಗಿ ದೀಪದ ಗುಣಮಟ್ಟ ನೋಡಿಕೊಂಡು 6ರಿಂದ 12 ತಿಂಗಳಿಗೊಮ್ಮೆ ಬದಲಿಸಬೇಕು.

ನೀರು: ಮರಿ ಸುಲಭವಾಗಿ ಹತ್ತಿ ಇಳಿಯುವಂಥ ತಗ್ಗು ತಟ್ಟೆಯಲ್ಲಿ ದಿನವೂ ಹೊಸ ನೀರು. ಜೊತೆಗೆ ದಿನಕ್ಕೊಮ್ಮೆ, ಕೈಗೆ ಬೆಚ್ಚಗೆನಿಸುವ ನೀರನ್ನು ಅದರ ಗಲ್ಲದವರೆಗೆ ಮಾತ್ರ ಬರುವಂತೆ ಟಬ್ಬಿನಲ್ಲಿ ಹಾಕಿ 15-20 ನಿಮಿಷ ಕೂರಿಸಿ. ಅಷ್ಟು ಹೊತ್ತೂ ಪಕ್ಕದಲ್ಲಿ ದೊಡ್ಡವರು ಇರಬೇಕು. ಹೀಗೆ ಕೂತಾಗ ಅದು ನೀರು ಕುಡಿಯುತ್ತದೆ, ಹೊಟ್ಟೆ ಖಾಲಿ ಮಾಡುತ್ತದೆ. ಗೂಡೂ ಶುಚಿಯಾಗಿರುತ್ತದೆ.

ಆಹಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇದು ಹುಲ್ಲು ತಿನ್ನುವ ಪ್ರಾಣಿ. ಹುಲ್ಲು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂವು, ಮುಳ್ಳು ತೆಗೆದ ಪಾಪಸುಕಳ್ಳಿಯ ಹೋಳು ಒಳ್ಳೆಯದು. ಟ್ರೇಯಲ್ಲಿ ಗೋಧಿ ಬಿತ್ತಿ ಮನೆಯಲ್ಲೇ ಹುಲ್ಲು ಬೆಳೆಸಬಹುದು. ರಸ್ತೆ ಬದಿಯ ಗಿಡಗಳಿಗೆ ಕೀಟನಾಶಕ ಸಿಂಪಡಿಸಿರಬಹುದು, ಮುಟ್ಟಬೇಡಿ. ಅನ್ನ, ಚಪಾತಿ, ಬ್ರೆಡ್, ಹಾಲು, ಮಾಂಸ ಯಾವುದೂ ಬೇಡ. ಹಣ್ಣೂ ಬೇಡ, ಅದರ ಕರುಳಿಗೆ ಸಕ್ಕರೆ ಒಗ್ಗುವುದಿಲ್ಲ. ಲೆಟ್ಯೂಸಿನಲ್ಲಿ ನೀರೇ ಹೆಚ್ಚು, ಪಾಲಕ್ ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುತ್ತದೆ. ಕ್ಯಾಲ್ಸಿಯಂಗೆ ಕಡಲ ದಂಡೆಯಲ್ಲಿ ಸಿಗುವ ಕಟಲ್‌ಫಿಶ್‌ನ ಬಿಳಿ ಮೂಳೆಯನ್ನು ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿ ಗೂಡಿನಲ್ಲಿಡಿ, ಬೇಕೆನಿಸಿದಾಗ ಕಡಿಯುತ್ತದೆ.

ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಊದಿ ಮುಚ್ಚಿದ ಕಣ್ಣು, ಒತ್ತಿದರೆ ತಗ್ಗುವ ಚಿಪ್ಪು, ವಾರದಿಂದ ವಾರಕ್ಕೆ ಇಳಿಯುವ ತೂಕ ಇವುಗಳಲ್ಲಿ ಯಾವುದು ಕಂಡರೂ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿ ಹೋಗಬೇಕು. ತೀರಾ ಎಳೆಯ ಮರಿಯ ಚಿಪ್ಪು ಸ್ವಲ್ಪ ಬಾಗುವುದು ಸಹಜ, ತಿಂಗಳುಗಳು ಕಳೆದರೂ ಗಟ್ಟಿಯಾಗದಿದ್ದರೆ ಅದು ಕಾಯಿಲೆ. ಎಲ್ಲ ಪಶುವೈದ್ಯರಿಗೂ ಆಮೆಯ ಚಿಕಿತ್ಸೆ ಗೊತ್ತಿರುವುದಿಲ್ಲ. ಅಂಥ ವೈದ್ಯರು ಊರಿನಲ್ಲಿ ಇದ್ದಾರೆಯೇ ಎಂದು ವಿಚಾರಿಸುವುದೂ ಆಮೆ ತರುವ ಮೊದಲಿನ ಕೆಲಸವೇ.

ಮಗುವಿನ ಕೈ, ಮನೆಯ ಬೇಸಿನ್

ಆರೋಗ್ಯವಾಗಿ ಕಾಣುವ ಆಮೆಯ ಕರುಳಿನಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಆಮೆಗೆ ಅದರಿಂದ ತೊಂದರೆ ಇಲ್ಲ, ಮನುಷ್ಯರಿಗೆ ಇದೆ. ಹಿಕ್ಕೆಯಿಂದ ಚಿಪ್ಪಿಗೆ, ಚಿಪ್ಪಿನಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. 6 ಗಂಟೆಯಿಂದ 6 ದಿನಗಳೊಳಗೆ ಭೇದಿ, ಜ್ವರ, ಹೊಟ್ಟೆನೋವು ಕಾಣಿಸಿಕೊಳ್ಳುತ್ತವೆ. ಹೆಚ್ಚಿನವರು ವಾರದೊಳಗೆ ಗುಣವಾಗುತ್ತಾರೆ. ಆದರೆ 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು, ಕ್ಯಾನ್ಸರಿನಂಥ ಕಾಯಿಲೆಯಿಂದ ನಿರೋಧಕ ಶಕ್ತಿ ಕುಗ್ಗಿದವರಿಗೆ ಅದು ರಕ್ತಕ್ಕೆ ಹರಡಿ ಪ್ರಾಣಕ್ಕೇ ಕುತ್ತಾಗಬಹುದು. ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು 1975ರಲ್ಲೇ ನಿಷೇಧಿಸಿದ್ದು ಇದೇ ಕಾರಣಕ್ಕೆ. ಚಿಕ್ಕ ಮರಿಯನ್ನು ಮಕ್ಕಳು ಆಟಿಕೆಯಂತೆ ಹಿಡಿಯುತ್ತಾರೆ, ಮುತ್ತು ಕೊಡುತ್ತಾರೆ, ಬಾಯಿಗೂ ಹಾಕಿಕೊಳ್ಳುತ್ತಾರೆ.

ಹಾಗಾಗಿ ಕೆಲವು ನಿಯಮಗಳಲ್ಲಿ ರಿಯಾಯಿತಿ ಇಲ್ಲ. ಆಮೆಯನ್ನಾಗಲೀ ಅದರ ಗೂಡನ್ನಾಗಲೀ ಮುಟ್ಟಿದ ಕೂಡಲೇ ಸಾಬೂನಿನಿಂದ 20 ಸೆಕೆಂಡು ಕೈ ತೊಳೆಯಬೇಕು. ಅದರ ಟಬ್ಬು, ತಟ್ಟೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಮನೆಮಂದಿ ಬಾಯಿ ಮುಕ್ಕಳಿಸಿ ವುಝೂ ಮಾಡುವ ಬೇಸಿನ್‌ನಲ್ಲೂ ಸಲ್ಲದು. ಪ್ರತ್ಯೇಕ ಬಕೆಟ್ ಇಟ್ಟುಕೊಂಡು, ಕೊಳೆ ನೀರನ್ನು ಶೌಚಾಲಯಕ್ಕೆ ಸುರಿಯಿರಿ. ಆಮೆಯನ್ನು ಕಾರ್ಪೆಟ್ಟಿನ ಮೇಲೆ, ಅದರಲ್ಲೂ ಮಕ್ಕಳು ಹೊರಳಾಡುವ, ಹಿರಿಯರು ಹಣೆಯೂರುವ ಜಾಗದಲ್ಲಿ ಓಡಾಡಲು ಬಿಡಬೇಡಿ. ಅದಕ್ಕೂ ಅದರಿಂದ ಪ್ರಯೋಜನವಿಲ್ಲ, ನೆಲದ ತಂಪು ತಗಲುತ್ತದೆ ಅಷ್ಟೆ. ಮನೆಯಲ್ಲಿ 5 ವರ್ಷದೊಳಗಿನ ಮಗು ಅಥವಾ ಗರ್ಭಿಣಿ ಇದ್ದರೆ ಆಮೆ ತರುವ ಯೋಚನೆಯನ್ನೇ ಕೆಲವು ವರ್ಷ ಮುಂದೂಡುವುದು ಒಳ್ಳೆಯದು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಆಮೆ ತನ್ನ ಹಿಕ್ಕೆಯ ಮೇಲೆಯೇ ನಡೆಯುತ್ತದೆ, ಅದನ್ನೇ ಮೈಗೆಲ್ಲ ಬಳಿದುಕೊಳ್ಳುತ್ತದೆ. ಸಾಕಷ್ಟು ಜಾಗ, ನಿತ್ಯದ ನೀರು, ಒಪ್ಪವಾದ ಹಾಸು ಇರುವ ಗೂಡಿನಲ್ಲಿ ಕೊಳೆ ಕಡಿಮೆ. ಆಮೆಗೆ ಒಳ್ಳೆಯ ಮನೆ ಮಾಡಿಕೊಟ್ಟವರು ತಮ್ಮ ಮಕ್ಕಳನ್ನೂ ಕಾಯ್ದಂತಾಯಿತು.

ರಜೆಗೆ ಊರಿಗೆ ಹೊರಟಾಗ

ಗಲ್ಫ್ ಕುಟುಂಬಗಳು ಜುಲೈ-ಆಗಸ್ಟ್‌ನಲ್ಲಿ ತಿಂಗಳುಗಟ್ಟಲೆ ಊರಿಗೆ ಬರುತ್ತವೆ. ಆಗ ಆಮೆಯ ದೀಪ ಹಾಕುವವರು, ನೀರು ಕೊಡುವವರು ಯಾರು? ಕೆಲಸ ಮುಗಿದು ಊರಿಗೆ ಮರಳುವಾಗ, ಅಷ್ಟರಲ್ಲಿ ಪಾತ್ರೆಯಗಲ ಬೆಳೆದ ಆಮೆ ಎಲ್ಲಿಗೆ ಹೋಗಬೇಕು? ಮರುಭೂಮಿಯಲ್ಲಿ ಬಿಟ್ಟುಬಿಡುವುದು ಬಿಡುಗಡೆಯಲ್ಲ. ಅದು ಅದರ ನಾಡಲ್ಲ, ಸಾಕಿದ ಪ್ರಾಣಿ ಅಲ್ಲಿ ಸಾಯುತ್ತದೆ. ಸೂಟ್‌ಕೇಸಿನಲ್ಲಿ ತರುವುದು ಅಪರಾಧ. ಸಲ್ಕಾಟಾ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ, ಗಡಿ ದಾಟಿಸಲು ಪರವಾನಗಿ ಬೇಕು. ಅಂಥ ವಿದೇಶಿ ಪ್ರಾಣಿಗಳನ್ನು ಭಾರತದಲ್ಲಿ ಸಾಕುತ್ತಿರುವವರೂ 2024ರ ನಿಯಮಗಳಂತೆ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಊರಿನಲ್ಲಿರುವವರಿಗೂ ಒಂದು ಮಾತು. ನಮ್ಮ ರಾಜ್ಯದ ಒಣ ಜಿಲ್ಲೆಗಳಲ್ಲಿರುವ ಸುಂದರವಾದ ನಕ್ಷತ್ರ ಆಮೆಯನ್ನು ಸಂಪತ್ತು ತರುತ್ತದೆಂಬ ನಂಬಿಕೆಯಿಂದ ಗುಟ್ಟಾಗಿ ಮಾರುವವರು, ಕೊಳ್ಳುವವರು ಇದ್ದಾರೆ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ. ಸೆರೆಹಿಡಿದರೆ, ಮಾರಿದರೆ, ಕೊಂಡರೆ ಕನಿಷ್ಠ 3 ವರ್ಷ ಜೈಲು ಮತ್ತು ದಂಡ. ಕಳ್ಳಸಾಗಣೆಯಾಗಿ ಸಿಂಗಾಪುರ ತಲುಪಿದ್ದ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ಬೆಂಗಳೂರಿಗೆ ವಾಪಸು ತರಬೇಕಾಯಿತು. ಅದಕ್ಕೆ ಎಷ್ಟೇ ಒಳ್ಳೆಯ ಗೂಡು ಕಟ್ಟಿದರೂ ಮನೆ ಅದರ ಜಾಗವಲ್ಲ.

ಮಕ್ಕಳು ಕಲಿಯಬೇಕಾದದ್ದು

"ಮಕ್ಕಳಿಗೆ ಪ್ರಾಣಿಗಳ ಮೇಲೆ ಪ್ರೀತಿ ಬೆಳೆಯಲಿ ಎಂದೇ ತರುತ್ತೇವೆ" ಎನ್ನುವ ತಂದೆತಾಯಂದಿರ ಮಾತನ್ನು ತಳ್ಳಿಹಾಕುವುದಿಲ್ಲ. ಒಂದು ಜೀವದ ಹೊಣೆ ಹೊತ್ತ ಮಗು ತಾಳ್ಮೆ ಕಲಿಯುತ್ತದೆ. ಆದರೆ ರಟ್ಟಿನ ಪೆಟ್ಟಿಗೆಯಲ್ಲಿ ಮೂರು ತಿಂಗಳಿಗೆ ಸತ್ತ ಆಮೆಯಿಂದ ಮಗು ಕಲಿಯುವುದು, ಜೀವ ಎಂದರೆ ಹಾಳಾದರೆ ಇನ್ನೊಂದು ಕೊಳ್ಳಬಹುದಾದ ವಸ್ತು ಎಂಬ ಪಾಠವನ್ನು. ಪ್ರೀತಿಯ ಪಾಠ ಆಮೆ ಬರುವ ಮೊದಲೇ ಶುರುವಾಗಬೇಕು.

ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಮಗು ಆಮೆ ಕೇಳಿದರೆ ಬೇಡ ಎನ್ನಬೇಡಿ, ಹೂಂ ಎಂದೂ ಹೇಳಬೇಡಿ. ಮೊದಲು ಗೂಡು ಕಟ್ಟೋಣ ಎನ್ನಿ. ಪೆಟ್ಟಿಗೆ, ಹಾಸು, ದೀಪ, ಮಾಪಕ ಎಲ್ಲವನ್ನೂ ಜೋಡಿಸಿ, ಖಾಲಿ ಗೂಡನ್ನೇ ಒಂದು ತಿಂಗಳು ನಡೆಸಿ. ಬೆಳಗ್ಗೆ, ಸಂಜೆ, ರಾತ್ರಿ ಬಿಸಿ ಎಷ್ಟು, ತೇವ ಎಷ್ಟು ಎಂದು ಮಗುವೇ ನೋಟ್‌ಬುಕ್ಕಿನಲ್ಲಿ ಬರೆಯಲಿ. ನೀರಿನ ತಟ್ಟೆ ದಿನವೂ ತೊಳೆಯಲಿ, ಕೈ ತೊಳೆಯಲಿ. ತಿಂಗಳ ಕೊನೆಗೆ ಅಂಕಿಗಳು ಸರಿಯಾಗಿದ್ದು, ಮಗುವಿನ ಉತ್ಸಾಹವೂ ಉಳಿದಿದ್ದರೆ, ರಜೆಯಲ್ಲಿ ನೋಡಿಕೊಳ್ಳುವವರು ಗೊತ್ತಾಗಿದ್ದರೆ, ಕಾನೂನಿನ ಅಡ್ಡಿ ಇಲ್ಲದಿದ್ದರೆ ಆಮೆ ಬರಲಿ. ದೊಡ್ಡದಾಗುವ ಸಲ್ಕಾಟಾ ಬದಲು, ಸುಮಾರು 15-20 ಸೆಂಟಿಮೀಟರಿನಷ್ಟೇ ಬೆಳೆಯುವ ಹರ್ಮನ್ ಜಾತಿಯ ಆಮೆ ಬಂದರೆ ಇನ್ನೂ ಒಳ್ಳೆಯದು. ಅದರ ಅಳತೆಗಳು ಬೇರೆ, ಅವನ್ನು ತಿಳಿದುಕೊಂಡೇ ತರಬೇಕು.

ಹತ್ತನೇ ದಿನಕ್ಕೇ ನೋಟ್‌ಬುಕ್ ಮೂಲೆ ಸೇರಿದರೂ ನಷ್ಟವಾದದ್ದು ಒಂದಿಷ್ಟು ಹಣ ಮಾತ್ರ. ಒಂದು ಜೀವ ಉಳಿಯಿತು.